ರಾಜ ಸತ್ತಾಗ ಚಪ್ಪಾಳೆ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ನೂರ್ಜಹಾನ್ ಪಕ್ಕ ತಾಯಿ, ಮಗಳು ಬಂದು ಕುಳಿತರು. ಹಳೆಯ ಸಂಗೀತ ನಾಟಕವೊಂದರ ಹೊಸ ಪ್ರಯೋಗ ನೋಡಿ ಬಂದವರು. ತಾಯಿ ಅಳುತ್ತಿದ್ದರು.

“ಚಲೋ ಹಾಡಿದ್ನಲ್ಲವ್ವಾ, ರಾಜನ ಪಾರ್ಟಿನ ಹುಡುಗ?”

“ಹಾಡಿದ. ನಿಮ್ಮಪ್ಪಾರ ಧಾಟಿನ ಹಿಡದಾನ.”

“ಮತ್ಯಾಕ ಅಳ್ತಿ?”

“ರಾಜನ್ನ ಕೊಂದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು.”

“ಕೂಸುಗಳನ್ನ ಕೊಲ್ಲಿಸಿದ ರಾಜ. ಅಪ್ಪ ಮಾಡುವಾಗೂ ಹೊಡೀತಿದ್ರಲ್ಲ?”

“ಹೊಡೀತಿದ್ರು. ಆಗ ನಾ ಒಳಗ ನಿಂತು ನಗ್ತಿದ್ದೆ. ಪರದೆ ಬಿದ್ದ ಕೂಡ್ಲೇ ಎದ್ದು ಬಂದು, ‘ಸುಭದ್ರಾ, ಚಾ ಕೊಡು’ ಅಂತಿದ್ರು.”

ಮಗಳು ತಾಯಿಯ ಕೈ ಹಿಡಿದುಕೊಂಡಳು.

“ಇವತ್ತೂ ಪರದೆ ಬಿತ್ತು, ಸುಜಾತಾ. ನಾ ಹಂಗ ಕಾಯ್ಕೋತ ಕುಂತೆ. ಸತ್ತಾವ ಎದ್ದು ಬಂದು ಕೈ ಮುಗದ. ನೋಡಿದ್ರ, ಯಾರೋ ಬ್ಯಾರೆ ಹುಡುಗ.”

“ಅಪ್ಪ ಹೋಗಿ ಎರಡು ವರ್ಷಾತವ್ವಾ.”

“ಮಣ್ಣು ಮಾಡಿದ ದಿನ ನಾ ಅಳಲಿಲ್ಲ. ಎದ್ದು ಬರ್ತಾರ ಅಂತ ಒಳಗ ಎಲ್ಲೋ ಇತ್ತು.”

ಮರ್ಫಿ ಟೌನ್ ಕಡೆಯ ಬಸ್ಸು ಬಂತು. ಮಗಳು ತಾಯಿಯನ್ನು ಮೆಲ್ಲಗೆ ಹತ್ತಿಸಿಕೊಂಡಳು. ನೂರ್ಜಹಾನ್ ಹೋಗಬೇಕಿದ್ದದ್ದೂ ಅದರಲ್ಲೇ. ಅವರ ಬೆನ್ನಿಗೇ ಹತ್ತಲು ಮನಸ್ಸಾಗದೆ ಅವಳು ಅಲ್ಲೇ ಕುಳಿತಳು.