ಕೈಗೆ ನೀರು ಹಾಕಿದ ಹುಡುಗಿ

ಅಲ್ಲ ಕಣೇ ಸೌಮ್ಯ, ಕ್ಲಾಸನ್ನ ಯಾರೂ ಒಂದೇ ಸಲ ನಮ್ಮ ಕೈಗೆ ಕೊಡಲ್ಲ, ಸ್ವಲ್ಪ ಸ್ವಲ್ಪವಾಗೇ ಕೊಡ್ತಾರೆ. ಈಗ ನಿನ್ನ ಬಿ.ಎಡ್‌ನಲ್ಲೂ ಹಾಗೇ ತಾನೆ? ಅಜ್ಜಿಗೇನು ಗೊತ್ತು ಅನ್ಬೇಡ. ನಾನು ಟ್ರೈನಿಂಗಿಗೆ ಸೇರಿದಾಗ ತಾಯಲೂರು ಕಡೆ ಒಂದು ಹಳ್ಳಿ ಸ್ಕೂಲಿಗೆ ಹಾಕಿದ್ರು, ಪಾಠ ಹೇಳಿ ಕಲೀಲಿ ಅಂತ. ಅಲ್ಲಿದ್ದ ಮೇಷ್ಟ್ರು ಮೊದಮೊದಲು ನನ್ನ ಹಿಂದಿನ ಬೆಂಚಲ್ಲಿ ಕೂರಿಸಿ, "ಸುಮ್ನೆ ನೋಡ್ತಿರಮ್ಮ" ಅಂದ್ರು. ಆಮೇಲೆ ಹಾಜರಿ ಕೂಗು ಅಂದ್ರು. ಆಮೇಲೆ ಮಗ್ಗಿ ಹೇಳಿಸು, ಆಮೇಲೆ ಒಂದು ಪದ್ಯ. ಕೊನೆಗೊಂದು ದಿನ ಸೀಮೆಸುಣ್ಣ ನನ್ನ ಕೈಗಿಟ್ಟು ತಾವು ಹೋಗಿ ಹಿಂದೆ ಕೂತ್ಕೊಂಡ್ರು. "ಇವತ್ತಿಂದ ಮೂರನೇ ಕ್ಲಾಸು ನಿಂದು. ಏನೇ ಬಂದ್ರೂ ನನ್ನ ಕಡೆ ನೋಡ್ಬೇಡ." ಮುಳಬಾಗಿಲು ಆಂಜನೇಯಸ್ವಾಮಿಗೆ ಮನಸ್ಸಲ್ಲೇ ಕೈ ಮುಗಿದು ನಿಂತೆ.

ಬಂದಿದ್ದೇನು ಗೊತ್ತಾ? ಗಂಗು ಅಂತ ಒಂದು ಹುಡುಗಿ. ಅವರಮ್ಮ ತೀರ್ಕೊಂಡಿದ್ಲು. ತಿಥಿ ಮುಗಿಸ್ಕೊಂಡು ಅವತ್ತೇ ಸ್ಕೂಲಿಗೆ ಬಂದ್ಲು ಮಗು. ಬಂದು ಕೂತ್ಲು, ಅಕ್ಕಪಕ್ಕದ ಮಕ್ಕಳೆಲ್ಲ ಎದ್ದು ದೂರ ಹೋದ್ವು. "ಯಾಕ್ರೋ?" ಅಂದೆ. "ಅವಳ್ನ ಮುಟ್ಟಿದ್ರೆ ನಮ್ಮ ಹುಳ ಸಾಯ್ತವೆ ಮಿಸ್, ಅಮ್ಮ ಹೇಳವ್ಳೆ." ಆ ಊರಲ್ಲಿ ಮನೆಮನೇಲೂ ರೇಷ್ಮೆ ಹುಳ ಸಾಕ್ತಿದ್ರು. ಹುಳದ ಮನೆಗೆ ಮೈಲಿಗೆ ತಾಗಬಾರದು, ಕೈಕಾಲು ತೊಳೀದೆ ಒಳಗೆ ಹೋಗಬಾರದು, ಸಾವಿನ ಮನೆಯೋರಂತೂ ತಿಥಿ ಕಳೆದ್ರೂ ಹತ್ರವೇ ಬರಬಾರದು. ನಾನೂ ಮಡಿ ಮಾಡೋಳೇ, ಏನಂತ ಬೈಲಿ? ಮೇಷ್ಟ್ರ ಕಡೆ ನೋಡ್ದೆ. ನೋಡ್ಬೇಡ ಅಂದಿದ್ರೂ ನೋಡ್ದೆ. ಅವರು ಕಿಟಕಿ ಕಡೆ ತಿರುಗಿಬಿಟ್ರು. ಅಷ್ಟರಲ್ಲಿ ಗಂಗು ಚೀಲ ಎತ್ಕೊಂಡು ಎದ್ಲು. "ಎಲ್ಲಿಗೇ?" ಅಂದೆ. "ಮನೆಗೆ." ಅವತ್ತು ಅವಳು ಹೊಸಲು ದಾಟಿದ್ರೆ ಮತ್ತೆ ಬರ್ತಿರಲಿಲ್ಲ ಕಣೇ. ಮುದ್ದೆ ತಿರುವೋಕೆ ಅವರಪ್ಪನಿಗೆ ಮನೇಲಿ ಯಾರೂ ಇಲ್ಲ. ಕೈ ಹಿಡಿದು ನನ್ನ ಪಕ್ಕದಲ್ಲೇ ಕೂರಿಸ್ಕೊಂಡೆ.

ಸಾಯಂಕಾಲ ಆ ಮಕ್ಕಳ ತಾಯಂದಿರ ಹತ್ರ ಹೋದೆ. ಒಬ್ಬಾಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸ್ತಾ, "ಏನಮ್ಮಾ ಟೀಚರಮ್ಮಾ, ಹುಳ ಸತ್ರೆ ನೀನು ಬಂದು ಗೂಡು ಕಟ್ತೀಯಾ?" ಅಂದ್ಲು. ಎಲ್ಲಾ ನಕ್ರು. "ಸ್ಕೂಲು ಬಿಡೋ ಹೊತ್ಗೆ ಎಲ್ಲಾರ ಕೈಕಾಲು ನಾನೇ ತೊಳೆಸಿ ಕಳಿಸ್ತೀನಿ ಕಣಮ್ಮ, ಆಗ ಆಯ್ತಾ?" ಅಂದೆ. "ಹಂಗಾದ್ರೆ ಸರಿ" ಅಂದ್ಲು ಆಕೆ.

ಮಾರನೇ ದಿನ ಮಕ್ಕಳು ಗಂಗು ಪಕ್ಕ ಕೂತ್ವು. ಸದ್ಯ, ಸರಿಹೋಯ್ತು ಅಂದ್ಕೊಂಡೆ. ಸಾಯಂಕಾಲ ಎಲ್ಲ ತೊಳ್ಕೊಂಡು ಓಡಿಹೋದ್ವು, ಗಂಗು ಮಾತ್ರ ತೊಟ್ಟಿ ಹತ್ರ ಕೂತು ಕೈ ಉಜ್ತಾನೇ ಇದಾಳೆ, ಉಜ್ತಾನೇ ಇದಾಳೆ. ಬೆರಳೆಲ್ಲ ಕೆಂಪಗಾಗಿದ್ವು. ನನ್ನ ನೋಡಿ, ಅವರ ಮನೆ ಮಾತು ತೆಲುಗು ನೋಡು, "ಇಂಕಾ ಪೋಲೇದಾ ಟೀಚರಮ್ಮಾ?" ಅಂದ್ಲು. ಇನ್ನೂ ಹೋಗಿಲ್ವಾ ಅಂತ. ಅವರಮ್ಮ ಸತ್ತಿದ್ದು ತನ್ನ ಕೈಗೆ ಅಂಟ್ಕೊಂಡಿದೆ ಅಂತ ತಿಳ್ಕೊಂಡಿತ್ತು ಆ ಮಗು.

ಸೆರಗಲ್ಲಿ ಅವಳ ಕೈ ಒರೆಸಿದೆ. ಮಾರನೇ ದಿನ ಚೊಂಬು ಅವಳ ಕೈಗೆ ಕೊಟ್ಟು, "ನೀನು ತೊಳೀಬೇಡಮ್ಮ. ನೀನೇ ಎಲ್ಲಾರಿಗೂ ನೀರು ಹಾಕು" ಅಂದೆ. ಮಕ್ಕಳು ಹಿಂದೆಮುಂದೆ ನೋಡಿದ್ವು. ಮೊದಲು ನಾನೇ ಕೈ ಒಡ್ಡಿದೆ. ಆಮೇಲೆ ಒಂದೊಂದೇ ಬಂದು ಒಡ್ಡಿದ್ವು. ಮೇಷ್ಟ್ರು ಅವತ್ತಿಂದ ಹಿಂದೆ ಬಂದು ಕೂರೋದನ್ನೇ ಬಿಟ್ಟುಬಿಟ್ರು.

ಟ್ರೈನಿಂಗು ಮುಗೀತು. ಹೊರಡೋ ದಿನ ಗಂಗು ನನ್ನ ಕೈಗೆ ನೀರು ಹಾಕಿದ್ಲು. ಚೊಂಬು ಖಾಲಿಯಾಯ್ತು, ಓಡಿಹೋಗಿ ತುಂಬ್ಕೊಂಡು ಬಂದ್ಲು. ಮತ್ತೆ ಹಾಕಿದ್ಲು, ಮತ್ತೆ ತುಂಬ್ಕೊಂಡು ಬಂದ್ಲು. ನಾನು ಕೈ ತೊಳ್ಕೊಳ್ತಾ ಇರೋವರೆಗೂ ಹೋಗಲ್ಲ ಅಂತ ಅವಳ ಎಣಿಕೆ. ಬಸ್ಸು ಬಂತು. ಒದ್ದೆ ಕೈಯಲ್ಲೇ ಹತ್ತಿದೆ. ಮುಂದೆ ಅವಳು ಓದಿದ್ಲೋ ಬಿಟ್ಲೋ, ಗೊತ್ತಾಗ್ಲೇ ಇಲ್ಲ.

ಅದಕ್ಕೇ ಹೇಳೋದು ಮಗಾ, ಕ್ಲಾಸು ಸರಿಹೋಯ್ತು ಅಂದ ತಕ್ಷಣ ಹೊರಟುಬಿಡಬೇಡ, ಎಲ್ಲಾ ಹೋದ ಮೇಲೆ ಯಾವ ಮಗು ಉಳ್ಕೊಂಡಿದೆ ಅಂತ ಒಂದ್ಸಲ ತಿರುಗಿ ನೋಡು. ಏಳು, ಮುದ್ದೆ ಆರ್ತಿದೆ.