ಕಿಲುಬಿನಲ್ಲಿದ್ದ ಮೂರು ಅಕ್ಷರ

ಒಂದು ಊರು, ಅಲ್ಲೊಬ್ಬ ಸಾಹುಕಾರ. ಬಾವಿಯ ಹೂಳು ತೆಗೆಸುವಾಗ ಅವನಿಗೊಂದು ತಾಮ್ರದ ನಾಣ್ಯ ಸಿಕ್ಕಿತು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಸವೆದ ಅಂಚು, ಮೈತುಂಬ ಹಸಿರು ಕಿಲುಬು. ವಸ್ತುಸಂಗ್ರಹಾಲಯಕ್ಕೆ ಒಯ್ದ. ಅಲ್ಲಿ ದಾಖಲೆ ಬರೆಯುವ ಹೆಣ್ಣುಮಗಳೊಬ್ಬಳಿದ್ದಳು.

ಅವಳು ತೂಗಿದಳು, ಅಳೆದಳು, ಓರೆ ಬೆಳಕಿಗೆ ಹಿಡಿದಳು. ಒಂದು ಕಡೆ ಬಲಕ್ಕೆ ತಿರುಗಿದ ಮುಖ. ಇನ್ನೊಂದು ಕಡೆ ಇಬ್ಬರು ಸೈನಿಕರು, ನಡುವೆ ಬಾವುಟದ ಕೋಲು. ರೋಮ್ ರಾಜ್ಯದ್ದು, ಹೆಚ್ಚುಕಡಿಮೆ ಸಾವಿರದ ಏಳುನೂರು ವರ್ಷ ಹಳೆಯದು! ಮುಖದ ಹಿಂಬದಿಗೆ, ತಾಮ್ರದಲ್ಲಿ ಸವೆದುಹೋಗಿ ಕಿಲುಬಿನಲ್ಲಷ್ಟೇ ಉಳಿದ ಮೂರು ಅಕ್ಷರ. ಎರಡು ಸ್ಪಷ್ಟ, ಒಂದು ಅನುಮಾನ. ಇಂಥ ನಾಣ್ಯ ಹೊರಡಿಸಿದವರು ತಂದೆ, ಮಗ ಇಬ್ಬರು ರಾಜರು; ಇದು ತಂದೆಯದೋ ಮಗನದೋ ಎಂದು ಹೇಳಬಲ್ಲವು ಆ ಮೂರೇ.

ಬರೆದಳೇ? ಇಲ್ಲ ನೋಡಿ! ಅರೆಬರೆ ಬರೆದು ನಗೆಪಾಟಲಾದರೆ ಎಂಬ ಭಯ. ಪೂರ್ತಿ ಓದಿದ ಮೇಲೆ ಬರೆದರಾಯಿತು ಎಂದು ದಾಖಲೆಯಲ್ಲಿ ರಾಜನ ಹೆಸರಿನ ಜಾಗ ಖಾಲಿ ಬಿಟ್ಟಳು. ಸಾಹುಕಾರ, "ಒಂದಿನ ಪೂಜೆಗಿಟ್ಟು ತರ್ತೀನಿ ತಾಯಿ" ಅಂದ. ಬೇಡ ಅನ್ನಲೂ ಅವಳಿಗೆ ಧೈರ್ಯ ಬರಲಿಲ್ಲ.

ಮರುದಿನ ಮುಖ ಅರಳಿಸಿಕೊಂಡು ಬಂದ. "ಹುಣಸೆಹಣ್ಣು, ಉಪ್ಪು ಹಾಕಿ ನಾನೇ ತಿಕ್ಕಿದೀನಿ. ಈಗ ಓದಿ!"

ನಾಣ್ಯ ದೇವರಮನೆಯ ತಂಬಿಗೆಯಂತೆ ಥಳಥಳ ಹೊಳೆಯುತ್ತಿತ್ತು. ಅಕ್ಷರ? ಒಂದೂ ಇಲ್ಲ. ಅವಳು ಮತ್ತೆ ಓರೆ ಬೆಳಕಿಗೆ ಹಿಡಿದಳು. ನಿನ್ನೆ ಕಂಡದ್ದು ಹೀಗಿತ್ತೇ, ಹಾಗಿತ್ತೇ? ನೆನಪು ಕೈಕೊಟ್ಟಿತು.

"ದೊಡ್ಡ ರಾಜನ ಹೆಸರೇ ಬರ್ಕೊಳ್ಳಿ ತಾಯಿ, ಯಾರು ಕೇಳ್ತಾರೆ?"

ಹಾಗೆ ಬರೆದುಬಿಟ್ಟರೆ ಅವಳ ತಪ್ಪೂ ಮುಚ್ಚಿಹೋಗುತ್ತಿತ್ತು. ಅವಳು ಪೆನ್ನು ಎತ್ತಿಕೊಂಡಳು. ಹೀಗೆ ಬರೆದಳು: "ರಾಜನ ಹೆಸರು ತಿಳಿದಿಲ್ಲ. ನಿನ್ನೆ ಮೂರು ಅಕ್ಷರ ಕಂಡಿದ್ದವು. ನಾನು ಬರೆದುಕೊಳ್ಳಲಿಲ್ಲ."

ಸಾಹುಕಾರ ಅದನ್ನು ಎರಡು ಸಲ ಓದಿದ. "ಹಂಗಾದ್ರೆ... ನಾನು ತಿಕ್ಕಿದ್ದನ್ನೂ ಬರೀರಿ" ಅಂದ, ಮೆಲ್ಲಗೆ.

ಈಗ ಇಲ್ಲಿ ಕೂತು ಕೇಳುತ್ತಿರುವ ನಿಮ್ಮನ್ನು ಕೇಳುತ್ತೇನೆ. ಮೊನ್ನೆ ನಿಮ್ಮ ಹೆಂಡತಿಯ ಮುಖದಲ್ಲಿ, ನಿಮ್ಮ ಅಣ್ಣನ ಮಾತಿನಲ್ಲಿ, ಒಂದು ನೋವು ಅರ್ಧ ಕಂಡಿತಲ್ಲ? ಸರಿಯಾಗಿ ತಿಳಿದ ಮೇಲೆ ಕೇಳೋಣ ಎಂದು ಸುಮ್ಮನಾದಿರಿ. ಅವರು ಮುಖ ತೊಳೆದು ನಗುತ್ತಾ ಬಂದರು. ಹೊಳೆಯುವ ಮುಖ! ಅಕ್ಷರ ಎಲ್ಲಿ? ನನಗೇ ಹೆದರಿಕೆಯಾಗುತ್ತದೆ, ಎಷ್ಟು ಮನೆಗಳಲ್ಲಿ ಎಷ್ಟು ಅಳಿಸಿಹೋಯಿತೋ.

ಇವತ್ತು ಮನೆಗೆ ಹೋಗಿ, ಚಪ್ಪಲಿ ಬಿಟ್ಟ ಕೂಡಲೇ ಕೇಳಿ: "ಮೊನ್ನೆ ಏನೋ ಕಂಡೆ, ಏನೂಂತ ತಿಳೀಲಿಲ್ಲ, ಕೇಳದೆ ಬಿಟ್ಟೆ. ತಪ್ಪು ನಂದೇ. ಈಗ ಹೇಳ್ತೀಯಾ?" ಅಷ್ಟೇ. ಚಪ್ಪಾಳೆ ಬೇಡ. ಏಳಿ, ಹೊರಡಿ.