ದೀಪಾವಳಿಯ ನಂತರದ ಗೋಲುಗಳು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಪ್ರಾಚಾರ್ಯರೇ, ಉಮದಿ, ಕರಜಗಿ, ಬಾಲಗಾಂವಗಳಿಂದ ಬಸ್ಸು ಹಿಡಿದು ಬಂದ ಹಿರಿಯರೇ, ತಾಯಂದಿರೇ, ಇಷ್ಟು ಹೊತ್ತಿಗಾದರೂ ಗದ್ದಲ ನಿಲ್ಲಿಸಿದ ನನ್ನ ವಿದ್ಯಾರ್ಥಿಗಳೇ, ಸಭಿಕರೇ,

ಸಂಖ್ಯಾಶಾಸ್ತ್ರ ಕಲಿಸುವ ಸೋಮನಿಂಗಪ್ಪನ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಹೆದರಬೇಡಿ, ಕರಿಹಲಗೆ ತಂದಿಲ್ಲ.

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ೧೯೭೧ರಲ್ಲಿ ಆರು ಪಂದ್ಯ ಆಡಿ ಹನ್ನೆರಡು ಗೋಲು ಬಿಟ್ಟುಕೊಟ್ಟಿತು. ಮರುವರ್ಷ ಆರು ಪಂದ್ಯ, ಹತ್ತು ಗೋಲು. ಈ ವರ್ಷ? ಅದೇ ಆರು ಪಂದ್ಯ, ಮೂರೇ ಮೂರು ಗೋಲು! ಇದು ನಮಗೆ ಹೆಮ್ಮೆಯಲ್ಲವೇ? ಹೆಮ್ಮೆಯೇ.

ಇದಕ್ಕೆ ಕಾರಣವೇನು? ಅಧ್ಯಕ್ಷರು ಕೊಡಿಸಿದ ಹೊಸ ಬೂಟುಗಳೇ? ಕ್ಷಮಿಸಬೇಕು ಸರ್, ಅವು ಬಂದದ್ದು ಕೊನೆಯ ಪಂದ್ಯದ ಮರುದಿನ. ನಾನು ಸೀಟಿ ಊದಿ ಕೊಟ್ಟ ತರಬೇತಿಯೇ? ಹಾಗೆಂದೇ ಎದೆಯುಬ್ಬಿಸಿಕೊಂಡು ತಿರುಗಾಡಿದೆ. ಆಮೇಲೆ ಅಂಕಿಗಳನ್ನು ದೀಪಾವಳಿಗೆ ಮುಂಚೆ, ದೀಪಾವಳಿಯ ನಂತರ ಎಂದು ಒಡೆದು ನೋಡಿದೆ. ಹಿಂದಿನ ಎರಡು ವರ್ಷ ಸೇರಿ ಹಬ್ಬಕ್ಕೆ ಮುಂಚೆ ನಾಲ್ಕು ಗೋಲು, ನಂತರ ಹದಿನೆಂಟು. ಈ ವರ್ಷ ಮುಂಚೆ ಎರಡು, ನಂತರ ಒಂದು.

ಹಬ್ಬ ಮುಗಿದರೆ ನಮ್ಮ ಕಡೆಯ ಕುರಿಗಳು ಕೃಷ್ಣೆಯ ದಂಡೆಯ ಹೊಲಗಳಿಗೆ ಹೊರಡುತ್ತವೆ. ಅವುಗಳ ಹಿಂದೆ ಕರಜಗಿಯ ಧೂಳಪ್ಪನೂ ಹೊರಡುತ್ತಿದ್ದ. ಗೋಲಿನ ಮುಂದೆ ಗೋಡೆಯಂತೆ ನಿಲ್ಲುವ ಆಟಗಾರನೇ ಇಲ್ಲದಿದ್ದರೆ ಏನಾದೀತು? ಹದಿನೆಂಟಾಯಿತು.

ಈ ಸಲ ಧೂಳಪ್ಪ ಹೋಗಲಿಲ್ಲ. ಅತ್ತೆಯ ಜೊತೆ ಕುರಿ ಹೊಡೆದುಕೊಂಡು ಹೋದವಳು, ಹೋದ ಬೇಸಿಗೆಯಲ್ಲಿ ಅವನ ಕೈಹಿಡಿದು ಬಂದ ಹಣಮವ್ವ. ಅವಳ ಮಾವ ಗುರಪ್ಪನವರು ಒಪ್ಪಿರಲಿಲ್ಲ. “ಹೊಸಾ ಸೊಸಿ ಕುರಿ ಹಿಂದ ಹೋದ್ರ ಮಂದಿ ಏನಂದಾರು?”

“ಏನರ ಅನ್ಲಿ ಮಾವಾರ. ಕುರಿ ಕಾಯೂದು ನನಗೂ ಬರ್ತೈತಿ. ಚೆಂಡ ತಡಿಯೂದು ಅವರಿಗಷ್ಟ ಬರ್ತೈತಿ.”

ಕುರಿಯ ಮಾತು ಬಂತು. ನಾನು ಸಾಂಗಲಿಯಲ್ಲಿ ಓದುವಾಗ ನಮ್ಮ ಕುರಿ ಕಾದವಳು ನನ್ನವ್ವ ಚನ್ನವ್ವ. ನಾನು ಮೊದಲ ದರ್ಜೆಯಲ್ಲಿ ಪಾಸಾದೆನೆಂದು ಊರವರು ಹಾರ ಹಾಕಿದರು. ಅವ್ವ ಆಗ ಯಾವ ಹೊಲದಲ್ಲಿದ್ದಳೋ. ತಿರುಗಿ ಬರುವಷ್ಟರಲ್ಲಿ ಹಾರ ಒಣಗಿತ್ತು. ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತ... ಇರಲಿ. ಎಲ್ಲಿದ್ದೆ? ಹಾಂ, ಮೂರು ಗೋಲು.

ಇಂದು ಸನ್ಮಾನ ಧೂಳಪ್ಪನಿಗೆ. ಆದರೆ ಬೆಳಗ್ಗೆ ಅವನು ನನ್ನ ಹತ್ತಿರ ಬಂದು, “ಸರ, ಶಾಲ ನನಗ ಹಾಕಬ್ಯಾಡ್ರಿ. ಆಕಿಗಿ ಹಾಕ್ರಿ,” ಅಂದ. ಆಕೆ ಎಲ್ಲಿದ್ದಾಳೆ? ಹೆಣ್ಣುಮಕ್ಕಳ ಸಾಲಿನಲ್ಲಿ, ತಲೆ ಮೇಲೆ ಸೆರಗು ಹೊದ್ದು ಕೂತಿದ್ದಾಳೆ. ಹಾಗಾದರೆ ಕುರಿಗಳ ಹತ್ತಿರ ಯಾರು? ಮಂದಿ ಏನಂದಾರು ಎಂದಿದ್ದ ಗುರಪ್ಪನವರೇ! ನಿನ್ನೆ ಬಸ್ಸು ಹತ್ತಿ ಹೋಗಿ, ಸೊಸೆಯ ಕೈಯಿಂದ ಕೋಲು ಇಸಿದುಕೊಂಡು, “ಹೋಗವಾ, ನೋಡಿ ಬಾ” ಎಂದು ಕಳಿಸಿದ್ದಾರೆ.

ನನ್ನ ಅಂಕಿಗಳನ್ನು ಸಹಿಸಿಕೊಂಡ ನಿಮಗೆಲ್ಲ ನಾನು ಆಭಾರಿ. ಅಧ್ಯಕ್ಷರಲ್ಲಿ ಒಂದೇ ವಿನಂತಿ: ಶಾಲು ಆಮೇಲೆ ಹೊದಿಸಿದರೂ ನಡೆದೀತು, ಹಾರ ಮೊದಲು ಹಾಕಿ, ಹೂವು ಇನ್ನೂ ಹಸಿಯಾಗಿದೆ. ಹಣಮವ್ವಾ, ಮ್ಯಾಲ ಬಾರವಾ.

ನಮಸ್ಕಾರ.